ರಿಪೋರ್ಟ್ ನಾರ್ಮಲ್ ಐತಿ: ರಕ್ತಕಣ, ಕೋಶಪೊರೆ ಮತ್ತು ಖಿನ್ನತೆ



ನಾನು ಮನೋವೈದ್ಯನಲ್ಲ, ರಕ್ತ ನೋಡುವವನು. ಪೆಥಾಲಜಿಯವರಿಗೆ ರೋಗಿಯ ಮುಖದ ಗುರುತು ಇರುವುದಿಲ್ಲ, ರಕ್ತದ ಗುರುತು ಇರುತ್ತದೆ. ಖಿನ್ನತೆಯ ಬಗ್ಗೆ ಮಾತಾಡಲು ಇಂಥವನನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಾರಣ ಇಷ್ಟೇ. ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಖಿನ್ನತೆ ಮೊದಲು ಬರುವುದು ಮನೋವೈದ್ಯರ ಕೋಣೆಗಲ್ಲ, ಲ್ಯಾಬಿಗೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ರಕ್ತ, ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಸುತ್ತಿದ ಚೀಟಿ. ಚೀಟಿಯಲ್ಲಿ ಹೆಸರು, ವಯಸ್ಸು, ಊರು, ಮತ್ತು ‘ವೀಕ್‌ನೆಸ್’ ಎಂಬ ಒಂದೇ ಶಬ್ದ.

ಡಾಕ್ಟರ ಮುಂದೆ ರೋಗಿ ಹೇಳಿದ್ದು ಇಷ್ಟು ಚುಟುಕಾಗಿರುವುದಿಲ್ಲ. “ಮೈಯಾಗ ರಕ್ತನ ಇಲ್ರೀ ಡಾಕ್ಟ್ರ. ಕೈಕಾಲು ಸೋತಾವು. ಉಂಡದ್ದು ಸೇರೂದಿಲ್ಲ, ನಿದ್ದಿ ಹತ್ತೂದಿಲ್ಲ, ಎದಿ ಡವಡವ ಅಂತೈತಿ. ಒಂದ್ ಬಾಟ್ಲಿ ಏರಸ್ರಿ.” ಮನಸ್ಸಿನ ಸುದ್ದಿ ಇದರಲ್ಲಿ ಎಲ್ಲಿಯೂ ಇಲ್ಲ. ಮನಸ್ಸಿನ ಹೆಸರು ಎತ್ತಿದರೆ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಕುಹಕ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಿಂದಾಗಿ ಆ ಊರಿನ ಹೆಸರಿಗೆ ಅಂಟಿಕೊಂಡ ಮಾತದು. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮನೋವೈದ್ಯ ಸಂಸ್ಥೆ ಆಗಿದೆ, ಅಲ್ಲಿ ಮನೋವೈದ್ಯರು ತಯಾರಾಗುತ್ತಿದ್ದಾರೆ, ಹೊರರೋಗಿಗಳು ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ. ಕುಹಕ ಮಾತ್ರ ಇನ್ನೂ ಹಳೆಯದೇ. ಹಾಗಾಗಿ ಜನ ತಮ್ಮ ಸಂಕಟವನ್ನು ಮೈ ಮೇಲೆ ಹಾಕಿ ಹೇಳುತ್ತಾರೆ. ನಾವು ರಕ್ತ ತೆಗೆಯುತ್ತೇವೆ.

ಮರುದಿನ ರಿಪೋರ್ಟ್ ಹೋಗುತ್ತದೆ. ಡಾಕ್ಟರು ಅದರ ಮೇಲೆ ಕಣ್ಣಾಡಿಸಿ ಹೇಳುತ್ತಾರೆ: “ರಿಪೋರ್ಟ್ ನಾರ್ಮಲ್ ಐತಿ. ನಿಮಗೇನೂ ಆಗಿಲ್ಲ, ಹೋಗ್ರಿ.” ಇದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಮೊದಲನೆಯದು ನನ್ನ ಕೆಲಸ, ಅದಕ್ಕೆ ನಾನು ಸಹಿ ಹಾಕಿರುತ್ತೇನೆ. ಎರಡನೆಯದಕ್ಕೆ ಜಗತ್ತಿನ ಯಾವ ಲ್ಯಾಬೂ ಸಹಿ ಹಾಕಲಾರದು. ಇವತ್ತು ನಾನು ಹೇಳಬೇಕೆಂದಿರುವುದು ಈ ಎರಡು ಮಾತುಗಳ ನಡುವಿನ ಅಂತರದ ಬಗ್ಗೆ.

ಮೊದಲು, ರಿಪೋರ್ಟ್ ನಾರ್ಮಲ್ ಇಲ್ಲದವರ ವಿಷಯ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಆದ್ದರಿಂದ “ರಕ್ತನ ಇಲ್ರೀ” ಎಂದು ಬಂದ ಹೆಣ್ಣುಮಗಳನ್ನು ‘ಇದೆಲ್ಲ ಟೆನ್ಶನ್ನು’ ಎಂದು ಪರೀಕ್ಷೆ ಮಾಡದೆ ಕಳಿಸುವುದು ಶುದ್ಧ ತಪ್ಪು. ಆಕೆ ಹೇಳಿದ್ದು ಅಕ್ಷರಶಃ ನಿಜವಿರಬಹುದು. ಸುಸ್ತು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಸಿಡಿಮಿಡಿ, ಎದೆ ಹೊಡೆದುಕೊಳ್ಳುವುದು ರಕ್ತಹೀನತೆಯಲ್ಲೂ ಇರುತ್ತವೆ, ಖಿನ್ನತೆಯಲ್ಲೂ ಇರುತ್ತವೆ. ಎರಡೂ ಒಟ್ಟಿಗೇ ಇರಬಹುದು. ಕಬ್ಬಿಣ ಬೇಕಿರುವುದು ಹಿಮೋಗ್ಲೋಬಿನ್‌ಗೆ ಮಾತ್ರವಲ್ಲ, ಸೆರೊಟೋನಿನ್ ಮತ್ತು ಡೋಪಮೈನ್ ತಯಾರಾಗುವ ದಾರಿಯ ಮುಖ್ಯ ಕಿಣ್ವಗಳಿಗೂ ಬೇಕು. ಮೆದುಳು ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಕಳಿಸುವುದು ಇಂಥ ರಾಸಾಯನಿಕಗಳ ಮೂಲಕ.

ಕಬ್ಬಿಣದ ವಿಷಯ ಆಶಾ ಕಾರ್ಯಕರ್ತೆಯರಿಂದಾಗಿ ಮನೆಮನೆಗೂ ಮುಟ್ಟಿದೆ. ಮುಟ್ಟದೆ ಉಳಿದದ್ದು ಬಿ12. ಅದಕ್ಕೆ ಉಪನ್ಯಾಸದಲ್ಲಿ ಒಂದು ಸ್ಲೈಡ್ ತೋರಿಸಿದ್ದೆ. ಪರದೆಯ ಚಿತ್ರ ಅಚ್ಚಿನಲ್ಲಿ ಬರುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿ, ಇನ್ನೊಂದು ಪಟ್ಟಿಯ ಅಂಚಿನಿಂದ ಸರ್ರನೆ ಎಳೆಯುತ್ತೇವೆ. ಒಣಗಿದ ಮೇಲೆ ಲೀಶ್ಮನ್ ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಂಪುಕಣಗಳು ನಸುಗುಲಾಬಿಯಾಗಿ, ಬಿಳಿಕಣಗಳ ಕೇಂದ್ರ ಕಡುನೇರಳೆಯಾಗಿ ಕಾಣುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿಕಣದ ಕೇಂದ್ರದಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಹಾಲೆಗಳು, ನಡುವೆ ಸಣ್ಣ ಎಳೆಯ ಕೊಂಡಿ. ನಾನು ತೋರಿಸಿದ ಸ್ಲೈಡಿನಲ್ಲಿ ಆರು ಹಾಲೆಗಳಿದ್ದವು. ಅದರ ಪಕ್ಕದ ಕೆಂಪುಕಣಗಳು ಗಾತ್ರದಲ್ಲಿ ದೊಡ್ಡವು, ಕೆಲವು ಮೊಟ್ಟೆಯಾಕಾರದವು. ಆರು ಹಾಲೆಯ ಒಂದು ಕಣ ಕಂಡರೂ ಸಾಕು, ಬಿ12 ಅಥವಾ ಫೋಲೇಟ್ ಕೊರತೆ ಇದೆಯೇ ನೋಡಿ ಎಂದು ನಾವು ಬರೆಯುತ್ತೇವೆ.

ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ. ರೊಟ್ಟಿ, ಪಲ್ಯ, ಹಿಂಡಿಯಲ್ಲಿ ಅದಿಲ್ಲ. ಹಾಲೆಲ್ಲ ಡೇರಿಗೆ ಹೋಗಿ ಮನೆಗೆ ತಿಳಿಮಜ್ಜಿಗೆ ಉಳಿದರೆ, ಸಸ್ಯಾಹಾರಿ ಮನೆಯಲ್ಲಿ ಅದರಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಗಳಿಗೆ ಕೊರತೆ ಬೀಳುವುದು ಆಶ್ಚರ್ಯವಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಗುಳಿಗೆ ನುಂಗುವವರಲ್ಲೂ ಬಿ12 ಇಳಿಯುತ್ತದೆ. ಇಳಿದಾಗ ಬರೀ ಸುಸ್ತಲ್ಲ, ಪಾದಗಳು ಜುಮುಗುಡುತ್ತವೆ, ಮರೆವು ಬರುತ್ತದೆ, ಕೆಲವರಲ್ಲಿ ಖಿನ್ನತೆಯೇ ಮೊದಲ ಲಕ್ಷಣ. ಇದರಲ್ಲಿ ಒಂದು ಮೋಸವಿದೆ, ಅದನ್ನು ಇಲ್ಲಿರುವ ಕಿರಿಯ ಡಾಕ್ಟರುಗಳು ಗಮನಿಸಬೇಕು. ಬಿ12 ಕೊರತೆ ಕೆಂಪುಕಣವನ್ನು ಹಿಗ್ಗಿಸುತ್ತದೆ, ಕಬ್ಬಿಣದ ಕೊರತೆ ಕುಗ್ಗಿಸುತ್ತದೆ. ಎರಡೂ ಕೂಡಿದರೆ ಯಂತ್ರ ಸರಾಸರಿ ತೆಗೆದು ಕಣದ ಗಾತ್ರ ನಾರ್ಮಲ್ ಎಂದು ಮುದ್ರಿಸಿ ಕೊಡುತ್ತದೆ! ಸ್ಲೈಡ್ ನೋಡಿದವರಿಗೆ ಗೊತ್ತಾಗುತ್ತದೆ. ಥೈರಾಯ್ಡ್ ಮಂದವಾದರೂ ಹೀಗೆಯೇ ಖಿನ್ನತೆಯ ವೇಷ ಹಾಕಿಕೊಂಡು ಬರುತ್ತದೆ. ಟಿಎಸ್‌ಎಚ್ ಪರೀಕ್ಷೆ ಮಾಡಿಸದೆ ಖಿನ್ನತೆಯ ಗುಳಿಗೆ ಶುರುಮಾಡುವುದು ನನಗೆ ಸರಿಕಾಣದು.

ಈಗ ಜೀವಕೋಶದ ಪೊರೆಯ ವಿಷಯ.

ನಮ್ಮ ಮೈಯಲ್ಲಿ ಕೆಂಪುಕಣದಂಥ ಸರಳ ಜೀವಕೋಶ ಇನ್ನೊಂದಿಲ್ಲ. ಬಲಿತ ಮೇಲೆ ಅದಕ್ಕೆ ಕೇಂದ್ರವಿಲ್ಲ, ಒಳಗೆ ಬೇರೆ ಕೋಶಾಂಗಗಳ ಗೊಂದಲವಿಲ್ಲ. ಒಳಗೆ ಹಿಮೋಗ್ಲೋಬಿನ್, ಹೊರಗೆ ಪೊರೆ, ಅಷ್ಟೇ. ಹಾಗಾಗಿ ಜೀವಕೋಶದ ಪೊರೆಯ ಬಗ್ಗೆ ಮನುಷ್ಯನಿಗೆ ತಿಳಿದ ಮೊದಮೊದಲ ಸಂಗತಿಗಳು ಈ ಕಣದಿಂದಲೇ ತಿಳಿದವು. 1925ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪುಕಣಗಳ ಜಿಡ್ಡನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಕಣದ ಮೈಯಳತೆಯ ಎರಡರಷ್ಟು ಜಾಗವನ್ನು ಆ ಜಿಡ್ಡು ತುಂಬಿತು. ಪೊರೆ ಎರಡು ಪದರದ್ದು ಎಂದು ಅವರು ಹೇಳಿದರು, ಅದು ಸರಿಯಾಗಿತ್ತು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು, ಜಿಡ್ಡು ಪೂರ್ತಿ ಬಂದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು. ಎರಡೂ ತಪ್ಪು ಒಂದನ್ನೊಂದು ವಜಾ ಮಾಡಿ ಉತ್ತರ ಸರಿಬಂತು. ವಿಜ್ಞಾನದಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಒಲಿಯುವುದಿಲ್ಲ.

ಈ ಪೊರೆಯ ಜಿಡ್ಡಿಗೂ ಮನಸ್ಸಿಗೂ ಏನು ಸಂಬಂಧ? ಮೆದುಳಿನ ಒಣತೂಕದಲ್ಲಿ ಅರ್ಧಕ್ಕೂ ಹೆಚ್ಚು ಜಿಡ್ಡೇ, ಅದರ ಬಹುಪಾಲು ಜೀವಕೋಶಗಳ ಪೊರೆಯಲ್ಲಿದೆ. ಬದುಕಿರುವವರ ಮೆದುಳಿನ ಚೂರನ್ನು ಖಿನ್ನತೆಯ ಪರೀಕ್ಷೆಗೆಂದು ಯಾರೂ ಕತ್ತರಿಸುವುದಿಲ್ಲ. ಸಿಗುವುದು ರಕ್ತ. ಕೆಂಪುಕಣ 120 ದಿನ ಬದುಕುತ್ತದೆ, ಅದರ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳು ನಾವು ಕಳೆದ ಮೂರು ನಾಲ್ಕು ತಿಂಗಳು ಎಂಥ ಎಣ್ಣೆ, ಎಂಥ ಕಾಳು ತಿಂದೆವು ಎಂಬುದಕ್ಕೆ ಲೆಕ್ಕ ಒಪ್ಪಿಸುತ್ತವೆ. 1998ರಲ್ಲಿ ಇಂಗ್ಲೆಂಡಿನ ಮಾಲ್ಕಮ್ ಪೀಟ್ ಮತ್ತು ಸಂಗಡಿಗರು ಖಿನ್ನತೆಯಿದ್ದವರ ಕೆಂಪುಕಣದ ಪೊರೆಯಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳು ಕಡಿಮೆಯಿರುವುದನ್ನು ವರದಿ ಮಾಡಿದರು. ಆಮೇಲೆ ಬಂದ ಹಲವು ಅಧ್ಯಯನಗಳೂ ಒಟ್ಟಾರೆಯಾಗಿ ಅದೇ ದಿಕ್ಕಿಗೆ ಬೆರಳು ತೋರಿಸಿದವು.

ಇಲ್ಲಿ ನಮ್ಮ ಎರೆಭೂಮಿಯ ಮಾತು ಬರಲೇಬೇಕು. ಹಿಂಗಾರಿಗೆ ಬಿಳಿಜೋಳ, ಕಡಲೆ, ಅವುಗಳ ನಡುವೆ ಅಗಸಿ, ಕುಸುಬಿಯ ಅಕ್ಕಡಿ ಸಾಲು. ಮುಳ್ಳಿರುವ ಕುಸುಬಿಯನ್ನು ದನ ನುಗ್ಗದಂತೆ ಹೊಲದ ಸುತ್ತ ಬಿತ್ತುವ ಪದ್ಧತಿ ನಿಮಗೆ ನಾನು ಹೇಳಬೇಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಣ್ಣಿಗೇರಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಅಣ್ಣಿಗೇರಿ-1 ತಳಿ ಕಡಲೆಯಲ್ಲೂ ಇದೆ, ಕುಸುಬಿಯಲ್ಲೂ ಇದೆ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಒಮೆಗಾ-6 ಗುಂಪಿನ ಲಿನೋಲಿಕ್ ಆಮ್ಲ. ಅಗಸಿ ಎಣ್ಣೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಇಷ್ಟು ಓದಿದ ಕೂಡಲೇ ವಾಟ್ಸ್ಆ್ಯಪಿನಲ್ಲಿ ಸುದ್ದಿ ಓಡುತ್ತದೆ: ಅಗಸಿ ಹಿಂಡಿ ತಿನ್ನಿ, ಖಿನ್ನತೆ ಓಡಿಸಿ!

ನಿಧಾನ ಮಾಡಬೇಕು. ನರಕೋಶದ ಪೊರೆಗೆ ಮುಖ್ಯವಾಗಿ ಬೇಕಾದ ಒಮೆಗಾ-3 ಎಂದರೆ ಡಿಎಚ್‌ಎ. ಖಿನ್ನತೆಯ ಚಿಕಿತ್ಸೆಯ ಪ್ರಯೋಗಗಳಲ್ಲಿ ಸ್ವಲ್ಪ ಗುಣ ಕಂಡಿರುವುದು ಇಪಿಎ ಹೆಚ್ಚಿರುವ ಮಾತ್ರೆಗಳಲ್ಲಿ. ಇವೆರಡೂ ನೇರವಾಗಿ ಸಿಗುವುದು ಮುಖ್ಯವಾಗಿ ಮೀನಿನಿಂದ. ಅಗಸಿಯ ಆಮ್ಲವನ್ನು ನಮ್ಮ ದೇಹ ಇಪಿಎ ಆಗಿ ಬದಲಿಸುವುದು ಅಲ್ಪ, ಡಿಎಚ್‌ಎ ಆಗಿ ಬದಲಿಸುವುದು ಇನ್ನೂ ಅತ್ಯಲ್ಪ. ಅದಕ್ಕಿಂತ ದೊಡ್ಡ ಮಾತು 2021ರಲ್ಲಿ ಬಂತು. ಅಮೆರಿಕದಲ್ಲಿ ಖಿನ್ನತೆ ಇಲ್ಲದ, 50 ದಾಟಿದ 18,353 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 1 ಗ್ರಾಂ ಮೀನೆಣ್ಣೆಯ ಒಮೆಗಾ-3, ಕೆಲವರಿಗೆ ಬರೀ ತೋರಿಕೆಯ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಒಮೆಗಾ-3 ಖಿನ್ನತೆಯನ್ನು ತಡೆಯಲಿಲ್ಲ. ಅದನ್ನು ತೆಗೆದುಕೊಂಡವರಲ್ಲಿ ಖಿನ್ನತೆ ತುಸು ಹೆಚ್ಚೇ ಕಂಡಿತು. ಹಾಗಾದರೆ ಪೊರೆಯಲ್ಲಿ ಕಂಡ ಕೊರತೆ ಸುಳ್ಳೇ? ಸುಳ್ಳಲ್ಲ. ಖಿನ್ನತೆ ಹಿಡಿದವರು ಸರಿಯಾಗಿ ಉಣ್ಣುವುದಿಲ್ಲ, ಕೆಲವರು ಬೀಡಿ ಸಿಗರೇಟು ಹೆಚ್ಚು ಸೇದುತ್ತಾರೆ, ದೇಹದಲ್ಲಿ ಉರಿಯೂತವಿದ್ದರೆ ಪೊರೆಯ ಕೊಬ್ಬೂ ಬದಲಾಗುತ್ತದೆ. ಕೊರತೆ ಖಿನ್ನತೆಯ ತಾಯಿಯೋ ಮಗಳೋ ಎಂಬುದು ಅಷ್ಟು ಸುಲಭದಲ್ಲಿ ಬಿಡಿಸುವ ಗಂಟಲ್ಲ. ಅಗಸಿ ಹಿಂಡಿಯನ್ನು ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಎಣ್ಣೆ ಬಿಟ್ಟುಕೊಂಡು ತಿನ್ನಿ, ರುಚಿಗಾಗಿ ತಿನ್ನಿ. ಗುಳಿಗೆ ಬಿಟ್ಟು ಹಿಂಡಿ ಹಿಡಿಯಬೇಡಿ.

ಡೆಂಗ್ಯೂ ಬಂದ ಮೇಲೆ ಪ್ಲೇಟ್‌ಲೆಟ್ ಎಂಬ ಹೆಸರು ಊರ ಕಟ್ಟೆಯ ಮೇಲೂ ಓಡಾಡುತ್ತಿದೆ. ರಕ್ತ ಹೆಪ್ಪುಗಟ್ಟಿಸುವ ಈ ಚೂರುಕಣಗಳಿಗೆ ಇನ್ನೊಂದು ಗುಣವಿದೆ. ನಮ್ಮ ರಕ್ತದಲ್ಲಿರುವ ಸೆರೊಟೋನಿನ್‌ನಲ್ಲಿ ಬಹುತೇಕ ಎಲ್ಲವೂ ಇವುಗಳ ಒಳಗಿದೆ. ಅದನ್ನು ತಯಾರಿಸುವುದು ಕರುಳು, ಪ್ಲೇಟ್‌ಲೆಟ್‌ಗಳು ತಮ್ಮ ಪೊರೆಯಲ್ಲಿರುವ ಒಂದು ಪ್ರೊಟೀನಿನ ಮೂಲಕ ಒಳಗೆ ಎಳೆದುಕೊಳ್ಳುತ್ತವೆ. ಮೆದುಳಿನ ನರಕೋಶವೂ ಬಿಟ್ಟ ಸೆರೊಟೋನಿನ್ ಅನ್ನು ಮರಳಿ ಎಳೆದುಕೊಳ್ಳುವುದು ಅದೇ ಪ್ರೊಟೀನಿನಿಂದ, ಎರಡಕ್ಕೂ ಒಂದೇ ಜೀನ್. ಇದು ತಿಳಿದಾಗ ವಿಜ್ಞಾನಿಗಳಿಗೆ ತೋಳಿನ ರಕ್ತನಾಳದಲ್ಲಿ ಮೆದುಳೇ ಸಿಕ್ಕಷ್ಟು ಖುಷಿಯಾಯಿತು. 1980ರಲ್ಲಿ ಪ್ಯಾರಿಸ್ಸಿನ ಒಂದು ತಂಡ, ಚಿಕಿತ್ಸೆ ಪಡೆಯದ ಖಿನ್ನರ ಪ್ಲೇಟ್‌ಲೆಟ್‌ಗಳಲ್ಲಿ ಇಮಿಪ್ರಮಿನ್ ಎಂಬ ಖಿನ್ನತೆಯ ಔಷಧ ಈ ಪ್ರೊಟೀನನ್ನು ಹಿಡಿದುಕೊಳ್ಳುವ ತಾಣಗಳು ಕಡಿಮೆ ಇವೆ ಎಂದು ಪ್ರಕಟಿಸಿತು. ನವಲಗುಂದದವರಿಗೆ 1980 ಎಂದರೆ ಜುಲೈ 21ರಂದು ರೈತ ಹೋರಾಟದ ಮೇಲೆ ನಡೆದ ಗೋಲೀಬಾರು, ಬೇರೆ ನೆನಪೇ ಬೇಡ. ವೈದ್ಯವಿಜ್ಞಾನಕ್ಕೆ ಅದು ‘ಖಿನ್ನತೆಗೂ ರಕ್ತಪರೀಕ್ಷೆ ಬಂತು’ ಎಂಬ ಆಸೆಯ ವರ್ಷ. ಆಸೆ ಬಹಳ ದಿನ ಬಾಳಲಿಲ್ಲ. ಬೇರೆ ಲ್ಯಾಬುಗಳಲ್ಲಿ ಕೆಲವೊಮ್ಮೆ ಕಡಿಮೆ ಬಂತು, ಕೆಲವೊಮ್ಮೆ ವ್ಯತ್ಯಾಸವೇ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆ, ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ ಎಂಬ ಸರಳ ಮಾತಿಗೆ ಗಟ್ಟಿ ಪುರಾವೆ ಇಲ್ಲವೆಂದಿತು. ಅದನ್ನು ಓದಿ ‘ಗುಳಿಗೆ ಎಲ್ಲ ಸುಳ್ಳು’ ಎಂದವರೂ ಇದ್ದಾರೆ. ಆದರೆ 2018ರ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ 522 ಪ್ರಯೋಗಗಳ, 1,16,477 ರೋಗಿಗಳ ಲೆಕ್ಕ ಹಾಕಿ ನೋಡಿದಾಗ 21 ಔಷಧಗಳೂ ತೋರಿಕೆಯ ಮಾತ್ರೆಗಿಂತ ಹೆಚ್ಚು ಗುಣ ಕೊಟ್ಟಿದ್ದವು. ಗುಳಿಗೆ ಯಾಕೆ ಗುಣ ಕೊಡುತ್ತದೆ ಎಂಬ ವಿವರಣೆ ಬದಲಾಗಬಹುದು, ಗುಣ ಕಂಡದ್ದು ಕಂಡದ್ದೇ.

ಷಿಕಾಗೋದ ಮಾರ್ಕ್ ರಾಸೆನಿಕ್ ಅವರ ಪ್ರಯೋಗಶಾಲೆ ಹಿಡಿದಿರುವ ದಾರಿ ಪೊರೆಯದೇ. ಪೊರೆ ಎಲ್ಲ ಕಡೆ ಒಂದೇ ಹದವಾಗಿರುವುದಿಲ್ಲ. ಕೊಲೆಸ್ಟ್ರಾಲ್ ಹೆಚ್ಚಿರುವ ಗಟ್ಟಿ ತುಣುಕುಗಳು, ಬೆಣ್ಣಿಹಳ್ಳಕ್ಕೆ ನೆರೆ ಬಂದಾಗ ಕಂಟಿಕಸದ ಗುಂಪುಗಳು ತೇಲುವ ಹಾಗೆ, ಅದರಲ್ಲಿ ತೇಲುತ್ತಿರುತ್ತವೆ. ಕೋಶದ ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ಜಿ-ಪ್ರೊಟೀನ್ ಈ ತುಣುಕುಗಳಲ್ಲಿ ಸಿಕ್ಕಿಬಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಖಿನ್ನತೆಯಿಂದ ಬಳಲಿ ಆತ್ಮಹತ್ಯೆಗೆ ಬಲಿಯಾದವರ ಮೆದುಳಿನಲ್ಲಿ ಹಾಗೆ ಸಿಕ್ಕಿಬಿದ್ದದ್ದು ಹೆಚ್ಚಾಗಿತ್ತೆಂದು ಆ ತಂಡ 2008ರಲ್ಲಿ ಬರೆಯಿತು. ಖಿನ್ನತೆಯ ಔಷಧಗಳು ಕೋಶಗಳಲ್ಲಿ ಆ ಪ್ರೊಟೀನನ್ನು ನಿಧಾನವಾಗಿ ಹೊರಗೆ ಬಿಡಿಸುತ್ತವೆ, ಅದಕ್ಕೆ ದಿನಗಳು ಹಿಡಿಯುತ್ತವೆ. ಗುಳಿಗೆ ನುಂಗಿದ ಮರುದಿನವೇ ಮನಸ್ಸು ಯಾಕೆ ಹಗುರಾಗುವುದಿಲ್ಲ, ಎರಡು ಮೂರು ವಾರ ಯಾಕೆ ಕಾಯಬೇಕು ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರವಾಗಬಹುದು. ಪ್ಲೇಟ್‌ಲೆಟ್‌ನಲ್ಲಿ ಇದನ್ನು ಅಳೆಯುವ ಪರೀಕ್ಷೆಯನ್ನೂ ಅವರು ಬೆಳೆಸುತ್ತಿದ್ದಾರೆ. ನಮ್ಮ ತಾಲ್ಲೂಕಿನ ಲ್ಯಾಬಿಗೆ ಬರಲು ಅದಕ್ಕೆ ಬಹಳ ದಾರಿ ಇದೆ.

ಪ್ಲೇಟ್‌ಲೆಟ್ ಬಿಡುವ ಮುನ್ನ ಉಪಯೋಗದ ಒಂದು ಮಾತು. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್‌ನಂಥ ಗುಳಿಗೆಗಳು ಪ್ಲೇಟ್‌ಲೆಟ್‌ಗೂ ಸೆರೊಟೋನಿನ್ ಸಿಗದಂತೆ ಮಾಡುತ್ತವೆ. ಅದರ ಜೊತೆ ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ದಿನವೂ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಕಳೆ ತೆಗೆದು ಸೊಂಟ ಹಿಡಿದವರು ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಅಪರೂಪವಲ್ಲ. ಎರಡೂ ಚೀಟಿಗಳನ್ನು ಒಬ್ಬರೇ ಡಾಕ್ಟರಿಗೆ ತೋರಿಸಿ.

ಬಿಳಿಕಣಗಳ ಬಗ್ಗೆ ಬೇಗ ಮುಗಿಸುತ್ತೇನೆ. ಹೆಪಟೈಟಿಸ್-ಸಿ ರೋಗಕ್ಕೆ ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದಾಗ, ನಗುತ್ತಾ ಆಸ್ಪತ್ರೆಗೆ ಬಂದಿದ್ದ ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಖಿನ್ನರಾದರು. ಇಂಟರ್‌ಫೆರಾನ್ ಎಂದರೆ ಸೋಂಕು ಬಂದಾಗ ನಮ್ಮ ಕಣಗಳೇ ಸ್ರವಿಸುವ ವಸ್ತು. ದೇಹದ ಉರಿಯೂತ ಮನಸ್ಸನ್ನು ಕುಗ್ಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಆದರೆ ಎಲ್ಲರ ಖಿನ್ನತೆಯೂ ಉರಿಯೂತದ್ದಲ್ಲ. 2013ರಲ್ಲಿ ಅಟ್ಲಾಂಟಾದಲ್ಲಿ, ಗುಳಿಗೆಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಯಲ್ಲಿ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಪ್ರಯೋಗ ಮಾಡಿದರು. ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ಮೀರಿದ್ದವರಲ್ಲಿ ಮಾತ್ರ ಸುಧಾರಣೆಯ ಕುರುಹು ಇತ್ತು.

ನನಗೆ ಹೆಚ್ಚು ಹೇಳಬೇಕೆನಿಸುವುದು ಬೆಳೆಗೆ ಕೀಟನಾಶಕ ಔಷಧ ಹೊಡೆಯುವವರ ರಕ್ತದ ಬಗ್ಗೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ನವಲಗುಂದ, ಅಣ್ಣಿಗೇರಿ, ಕುಂದಗೋಳದಲ್ಲಿ ಬೆನ್ನಿಗೆ ಪಂಪು ಏರಿಸಿಕೊಂಡು ಸಾಲು ಸಾಲು ನಡೆಯುವ ಕೂಲಿಯವರಿದ್ದಾರೆ. ಬಾಯಿಗೆ ಒಂದು ಟವೆಲ್, ಕೈಗೆ ಏನೂ ಇಲ್ಲ. ಗಾಳಿ ತಿರುಗಿದರೆ ಮುಖಕ್ಕೇ ಬರುತ್ತದೆ, ಪಂಪು ಸೋರಿದರೆ ಬೆನ್ನು ತೋಯುತ್ತದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗ್ಯಾನೊಫಾಸ್ಫೇಟ್ ಔಷಧಗಳು ಹುಳವನ್ನು ಕೊಲ್ಲುವುದು ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿ. ಅದೇ ಕಿಣ್ವ ಮನುಷ್ಯನ ನರಗಳ ಸಂದಿಯಲ್ಲೂ ಇದೆ. ಅಲ್ಲಿ ಅಸಿಟೈಲ್‌ಕೊಲಿನ್ ಎಂಬ ಸುದ್ದಿಯ ರಾಸಾಯನಿಕವನ್ನು ಕೆಲಸ ಮುಗಿದ ಕೂಡಲೇ ಒಡೆದು ಹಾಕುವುದು ಅದರ ಕೆಲಸ. ವಿಶೇಷವೆಂದರೆ ನಮ್ಮ ಕೆಂಪುಕಣದ ಪೊರೆಯ ಹೊರಮೈಗೂ ಇದೇ ಕಿಣ್ವ ಜಿಡ್ಡಿನ ಒಂದು ಕೊಂಡಿಯಿಂದ ಅಂಟಿಕೊಂಡಿದೆ. ಹಾಗಾಗಿ ಮೆದುಳನ್ನು ಮುಟ್ಟದೆ, ಒಂದು ಟ್ಯೂಬು ರಕ್ತದಲ್ಲಿ, ನರಗಳಿಗೆ ಎಷ್ಟು ಪೆಟ್ಟು ಬಿದ್ದಿರಬಹುದು ಎಂದು ಅಂದಾಜು ಮಾಡಬಹುದು. ಕೆಂಪುಕಣಕ್ಕೆ ಕೇಂದ್ರವಿಲ್ಲವಾದ್ದರಿಂದ ಅದು ಹೊಸ ಕಿಣ್ವ ಮಾಡಿಕೊಳ್ಳಲಾರದು. ಕಳೆದುಹೋದದ್ದು ಹೊಸ ಕಣಗಳು ಹುಟ್ಟಿದ ಹಾಗೆ ದಿನಕ್ಕೆ ಸುಮಾರು ಶೇ. 1ರಂತೆ ತುಂಬುತ್ತದೆ. ಹಂಗಾಮಿನಲ್ಲಿ ಪದೇ ಪದೇ ಹೊಡೆದರೆ ತುಂಬುವುದಕ್ಕಿಂತ ಬರಿದಾಗುವುದೇ ಹೆಚ್ಚು.

ಇದಕ್ಕೂ ಮನಸ್ಸಿಗೂ ಇರುವ ನಂಟು ಹೊಸ ಊಹೆಯಲ್ಲ. 1972ರಲ್ಲೇ ಡೇವಿಡ್ ಜನೋವ್‌ಸ್ಕಿ ಮತ್ತು ಸಂಗಡಿಗರು, ಅಸಿಟೈಲ್‌ಕೊಲಿನ್ ಮೇಲುಗೈ ಆದರೆ ಮನಸ್ಸು ಖಿನ್ನತೆಯ ಕಡೆ ವಾಲುತ್ತದೆ ಎಂಬ ವಾದ ಮಂಡಿಸಿದ್ದರು. ಆ ಕಿಣ್ವವನ್ನು ಸ್ವಲ್ಪ ಹೊತ್ತು ತಡೆಯುವ ಫೈಸೋಸ್ಟಿಗ್ಮಿನ್ ಕೊಟ್ಟಾಗ ಮನಸ್ಸು ಕುಗ್ಗುವುದನ್ನು ಅವರು ಕಂಡಿದ್ದರು. 1993ರಲ್ಲಿ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ಶುರುವಾದ ರೈತರ ಆರೋಗ್ಯ ಅಧ್ಯಯನದಲ್ಲಿ ಕೀಟನಾಶಕದ ಬಳಕೆಗೂ, ಅದರಲ್ಲೂ ಹಿಂದೆ ಒಮ್ಮೆ ವಿಷಬಾಧೆಗೆ ಸಿಕ್ಕಿದ್ದಕ್ಕೂ ಖಿನ್ನತೆಗೂ ಸಂಬಂಧ ಕಂಡಿದೆ. ಸಾಲ, ಮಳೆ, ದರ, ಮಗಳ ಮದುವೆ ಇವುಗಳನ್ನೆಲ್ಲ ಬದಿಗೊತ್ತಿ ‘ರೈತರ ಖಿನ್ನತೆಗೆ ಔಷಧವೇ ಕಾರಣ’ ಎನ್ನುವುದು ಹುಂಬತನ. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಊರಿನವರ ಎದುರು ಹಾಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಭಾರವನ್ನೆಲ್ಲ ಹೊತ್ತವನ ನರಗಳಿಗೆ ಹಂಗಾಮಿಡೀ ಈ ಪೆಟ್ಟೂ ಬೀಳುತ್ತಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದಿರುವುದು ಹೇಗೆ?

ನಮ್ಮಲ್ಲಿ ಕೊಲಿನೆಸ್ಟರೇಸ್ ಪರೀಕ್ಷೆ ಮಾಡುವುದು ಯಾವಾಗ? ವಿಷ ಸೇವಿಸಿದವರನ್ನು ಹುಬ್ಬಳ್ಳಿಗೆ ತಂದು ಹಾಕಿದ ಮೇಲೆ. ಅದೂ ಸಾಮಾನ್ಯವಾಗಿ ರಕ್ತದ ದ್ರವಭಾಗದ್ದು, ಕೆಂಪುಕಣದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದ, ಇಂಥ ಔಷಧ ಹೊಡೆಯುವ ಕೂಲಿಯವರ ಕಿಣ್ವವನ್ನು ಹಂಗಾಮು ಶುರುವಾಗುವ ಮೊದಲೇ ಅಳೆದಿಡಬೇಕು. ಆಮೇಲೆ ಕೆಂಪುಕಣದ ಕಿಣ್ವ ಮೊದಲಿನ ಶೇ. 70ಕ್ಕೆ ಇಳಿದರೆ ಆ ಕೆಲಸದಿಂದ ಬಿಡಿಸಬೇಕು. ಮೊದಲೇ ಅಳೆಯುವುದು ಯಾಕೆಂದರೆ ಒಬ್ಬರಿಂದೊಬ್ಬರಿಗೆ ಅದರ ಮಟ್ಟದಲ್ಲಿ ಬಹಳ ವ್ಯತ್ಯಾಸ. ಹೆಚ್ಚಿದ್ದವನಲ್ಲಿ ಮೂರನೇ ಒಂದು ಭಾಗ ಕಳೆದರೂ ಅಂಕಿ ‘ನಾರ್ಮಲ್’ ಗೆರೆಯೊಳಗೇ ಇರುತ್ತದೆ. ನೋಡಿ, ಇಲ್ಲಿಯೂ ರಿಪೋರ್ಟ್ ನಾರ್ಮಲ್! ನಮ್ಮ ಕೃಷಿ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ, ಮನೋವೈದ್ಯ ಸಂಸ್ಥೆ ಇರುವುದು ಧಾರವಾಡದಲ್ಲಿ, ವೈದ್ಯಕೀಯ ಕಾಲೇಜುಗಳು ಹುಬ್ಬಳ್ಳಿ, ಸತ್ತೂರಿನಲ್ಲಿ. ಇವರೆಲ್ಲ ಕೂಡಿ ಒಂದು ಹಂಗಾಮು, ಒಂದು ಹೋಬಳಿಯಲ್ಲಿ ಹೀಗೆ ಅಳೆದು ನೋಡುವುದು ಅಸಾಧ್ಯದ ಮಾತಲ್ಲ. ಅಲ್ಲಿಯವರೆಗೆ ಔಷಧದ ಡಬ್ಬಿ ಮಲಗುವ ಮನೆಯಲ್ಲಿ ಬೇಡ. ಬೀಗವಿರುವ ಕಡೆ, ಮನೆಯಿಂದ ದೂರ ಇಡಿ. ಮನಸ್ಸು ಕೆಟ್ಟ ಗಳಿಗೆಯಲ್ಲಿ ಅದು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ನಮ್ಮ ರಾಜ್ಯದಲ್ಲೇ ರಕ್ತಕಣದಿಂದ ಮೆದುಳಿನ ಕಡೆ ನಡೆದಿರುವ ಇನ್ನೊಂದು ಕೆಲಸವಿದೆ. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಕೂಡಿ, ತೀವ್ರ ಮಾನಸಿಕ ಕಾಯಿಲೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿರುವ ಕುಟುಂಬಗಳ ರಕ್ತ ಪಡೆದು, ಅದರ ಬಿಳಿಕಣಗಳನ್ನು ಕಾಂಡಕೋಶಗಳಾಗಿ, ಕಾಂಡಕೋಶಗಳನ್ನು ನರಕೋಶಗಳಾಗಿ ಬೆಳೆಸಿವೆ. ರಕ್ತ ಕೊಟ್ಟವನ ಜೀನುಗಳೇ ಇರುವ ನರಕೋಶ ಗಾಜಿನ ತಟ್ಟೆಯಲ್ಲಿ ಬೆಳೆಯುತ್ತದೆ, ಅದರ ಪೊರೆಯಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂದು ನೋಡಬಹುದು. ಅಲ್ಲಿ ಮುಖ್ಯವಾಗಿ ನೋಡುತ್ತಿರುವುದು ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳನ್ನು. ಸಾಮಾನ್ಯ ಖಿನ್ನತೆಯವರೆಗೆ ಆ ಬೆಳಕು ಬರಲು ಸಮಯ ಬೇಕು.

ಹೀಗೆ ಅರ್ಧ ಶತಮಾನ ರಕ್ತವನ್ನು ಜಾಲಾಡಿದ ಮೇಲೂ, ಖಿನ್ನತೆ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತಪರೀಕ್ಷೆ ಒಂದೂ ಇಲ್ಲ. ಯಾರಾದರೂ ಇದೆ ಎಂದು ಪ್ಯಾಕೇಜ್ ಮಾರಿದರೆ ಹಣ ಕೊಡಬೇಡಿ. ಪೆಥಾಲಜಿಯವನಾಗಿ ಈ ಮಾತು ಹೇಳಲು ನನಗೆ ಸಂಕೋಚವೇನೂ ಇಲ್ಲ. ರಕ್ತಪರೀಕ್ಷೆಯ ಕೆಲಸ ಖಿನ್ನತೆಯ ವೇಷದಲ್ಲಿ ಬಂದ ಬೇರೆ ಕಾಯಿಲೆಯನ್ನು ಹಿಡಿಯುವುದು. ಅದು ಸಿಗಲಿಲ್ಲ ಎಂದರೆ ರೋಗಿಯ ಸಂಕಟ ಸುಳ್ಳೆಂದಲ್ಲ, ಈಗ ಕೇಳಬೇಕಾದ್ದನ್ನು ಕೇಳುವ ಹೊತ್ತು ಬಂತು ಎಂದರ್ಥ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೊಡ್ಡವರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಖಿನ್ನತೆಯಿರುವವರಲ್ಲಿ ಬಹುಪಾಲು ಮಂದಿಗೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ, ಚಿಕಿತ್ಸೆಯೇ ಸಿಕ್ಕಿರುವುದಿಲ್ಲ. ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ನಾರ್ಮಲ್ ರಿಪೋರ್ಟ್ ಇರುತ್ತದೆ, ತೋಳಿನಲ್ಲಿ ಸಲೈನ್ ಏರಿಸಿದ ಗುರುತಿರುತ್ತದೆ. ಆ ಬಾಟಲಿಯಲ್ಲಿರುವುದು ಉಪ್ಪುನೀರು, ಹೆಚ್ಚೆಂದರೆ ಗ್ಲೂಕೋಸು.

ಆದ್ದರಿಂದ ಹಳ್ಳಿಗಳಲ್ಲಿ ಪ್ರಾಕ್ಟೀಸ್ ಮಾಡುವ ಡಾಕ್ಟರುಗಳಲ್ಲಿ, ಆಶಾ ತಾಯಂದಿರಲ್ಲಿ, ಲ್ಯಾಬಿನ ಟೆಕ್ನಿಷಿಯನ್ನರಲ್ಲಿ ನನ್ನದೊಂದು ವಿನಂತಿ. ‘ರಿಪೋರ್ಟ್ ನಾರ್ಮಲ್ ಐತಿ’ ಎಂದ ಮೇಲೆ ಪೆನ್ನು ಕೆಳಗಿಡಬೇಡಿ. ಜಗತ್ತಿನ ಎಲ್ಲ ಕಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಪಿಎಚ್‌ಕ್ಯೂ-9 ಎಂದು, ಅದರ ಮೊದಲಿನ ಎರಡನ್ನಾದರೂ ಕೇಳಿ. “ಯವ್ವಾ, ಈ ಎರಡು ವಾರದಾಗ ಯಾವ ಕೆಲಸಾನೂ ಮಾಡಾಕ ಮನಸ್ಸ ಬರವಲ್ದು, ಯಾವುದರಾಗೂ ಖುಷಿ ಇಲ್ಲ ಅನಿಸೇತೇನು? ಮನಸ್ಸ ಕುಗ್ಗಿದಂಗ, ಮುಂದೇನೂ ಇಲ್ಲ ಅಂದಂಗ ಅನಿಸೇತೇನು?” ಹೆಚ್ಚಿನ ದಿನ ಹಾಗೇ ಎಂದರೆ ಉಳಿದ ಏಳನ್ನೂ ಕೇಳಿ. ಕೊನೆಯದು ಜೀವ ಬೇಡವೆನಿಸಿದೆಯೇ ಎಂಬುದು, ಅದನ್ನು ಕೇಳಲು ಹಿಂಜರಿಯಬೇಡಿ, ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ರಾತ್ರಿ ಯಾರೂ ಇಲ್ಲದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ. ಹೊರಗೆ ಮೇಜಿನ ಮೇಲೆ ಒಂಬತ್ತೂ ಪ್ರಶ್ನೆಗಳ ಕನ್ನಡ ಪ್ರತಿಗಳನ್ನು ಇಡಿಸಿದ್ದೇನೆ. ಹೋಗುವಾಗ ಮನೆಗೆ ಒಂದು, ನಿಮ್ಮೂರಿನ ಡಾಕ್ಟರಿಗೆ ಒಂದು ತೆಗೆದುಕೊಂಡು ಹೋಗಿ.